ಮೂವತ್ತು ದಿನ ಹೊರಗೇ ನಿಲ್ಲಿ ಎಂದ ಊರು

2020ರಲ್ಲಿ ಕೊರೋನಾ ಬಂದಾಗ ‘ಕ್ವಾರಂಟೈನ್’ ಎಂಬ ಮಾತು ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಸಲೀಸಾಗಿ ಓಡಾಡಿತು. ಊರೂರಿನ ಶಾಲೆ, ಹಾಸ್ಟೆಲುಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾದವು. ಬೆಂಗಳೂರಿನಿಂದ, ಮುಂಬಯಿಯಿಂದ ಹಿಂದಿರುಗಿದ ಮಕ್ಕಳನ್ನು ಹೆತ್ತವರೇ ಹದಿನಾಲ್ಕು ದಿನ ದೂರ ನಿಂತು ಮಾತಾಡಿಸಬೇಕಾಯಿತು. ಆದರೆ ಹೊರಗಿನಿಂದ ಬಂದವರನ್ನು ಇಂತಿಷ್ಟು ದಿನ ಬೇರೆಯಾಗಿಯೇ ಇರಿಸಬೇಕೆಂಬ ಕಾಯಿದೆಯನ್ನು ಮೊದಲು ಬರೆದಿಟ್ಟ ಊರು ಯಾವುದೆಂದು ಕೇಳಿದರೆ ವಿಜ್ಞಾನದ ವಿದ್ಯಾರ್ಥಿಗಳೂ ತಡವರಿಸುತ್ತಾರೆ. ಆ ಊರು ಲಂಡನ್ ಅಲ್ಲ, ಪ್ಯಾರಿಸ್ ಅಲ್ಲ, ರೋಮ್ ಕೂಡ ಅಲ್ಲ. ಆಡ್ರಿಯಾಟಿಕ್ ಸಮುದ್ರದ ದಂಡೆಯ ಮೇಲಿರುವ ಡುಬ್ರೊವ್ನಿಕ್ ಎಂಬ ಪುಟ್ಟ ಪಟ್ಟಣ.

ಭೂಪಟದಲ್ಲಿ ಇಟಲಿಯನ್ನು ಹುಡುಕುವುದು ಸುಲಭ. ಬೂಟಿನ ಆಕಾರದ ದೇಶ. ಆ ಬೂಟಿನ ಪೂರ್ವಕ್ಕೆ ಉದ್ದಕ್ಕೆ ಹರಡಿರುವ ಕಿರಿದಾದ ಸಮುದ್ರವೇ ಆಡ್ರಿಯಾಟಿಕ್. ಅದರ ಆಚೆ ದಡದಲ್ಲಿ, ದಕ್ಷಿಣದ ತುದಿಗೆ ಬಂದರೆ ಕ್ರೊಯೇಷಿಯಾ ದೇಶದ ಈ ಊರು ಸಿಗುತ್ತದೆ. ಹಳೆಯ ಹೆಸರು ರಗೂಸಾ. 2021ರ ಜನಗಣತಿಯ ಪ್ರಕಾರ ಇಡೀ ನಗರದ ಜನಸಂಖ್ಯೆ ಸುಮಾರು 41 ಸಾವಿರ, ಅಂದರೆ ಇಲ್ಲಿನ ಒಂದು ತಾಲ್ಲೂಕು ಕೇಂದ್ರದಷ್ಟು! ಇಷ್ಟು ಚಿಕ್ಕ ಊರು 1358ರಿಂದ 1808ರವರೆಗೆ, ಹೆಚ್ಚುಕಡಿಮೆ ನಾನೂರೈವತ್ತು ವರ್ಷ, ತನ್ನನ್ನು ತಾನೇ ಆಳಿಕೊಂಡ ಗಣರಾಜ್ಯವಾಗಿತ್ತು. ಒಂದು ಕಡೆ ಸಮುದ್ರದ ಮೇಲೆಲ್ಲ ಅಧಿಕಾರ ನಡೆಸುತ್ತಿದ್ದ ವೆನಿಸ್, ಇನ್ನೊಂದು ಕಡೆ ಗುಡ್ಡದಾಚೆಗೇ ಬಂದು ಕುಳಿತಿದ್ದ ತುರ್ಕಿಯ ಆಟೊಮನ್ ಸಾಮ್ರಾಜ್ಯ. ಇವೆರಡರ ನಡುವೆ, ಹೇಳಿಕೊಳ್ಳುವಂಥ ಸೈನ್ಯವೇ ಇಲ್ಲದ ಊರು ಬದುಕಿ ಉಳಿದ ಬಗೆಯನ್ನು ನೋಡಬೇಕೆಂದರೆ ಅಲ್ಲಿನ ಬೀದಿಗಳಲ್ಲಿ ನಿಧಾನವಾಗಿ ನಡೆಯಬೇಕು.

ಕೋಟೆಯ ಮೇಲೊಂದು ಸುತ್ತು

ಹಳೆಯ ಊರನ್ನು ಬಳಸಿ ನಿಂತಿರುವ ಕೋಟೆಗೋಡೆಯ ಸುತ್ತಳತೆ 1,940 ಮೀಟರು. ಕೆಲವೆಡೆ ಎತ್ತರ 25 ಮೀಟರು. ನೆಲದ ಕಡೆಯ ಗೋಡೆ ನಾಲ್ಕರಿಂದ ಆರು ಮೀಟರು ದಪ್ಪ, ಸಮುದ್ರದ ಕಡೆ ಅದಕ್ಕಿಂತ ತೆಳು. ಗೋಡೆಯ ಮೇಲೆ ಪೂರ್ತಿ ಒಂದು ಸುತ್ತು ಬರಬಹುದು. ಬೇಸಿಗೆಯಲ್ಲಿ ಬೆಳಗ್ಗೆ ಬಾಗಿಲು ತೆರೆದೊಡನೆ ಹತ್ತುವುದು ಜಾಣತನ. ಹನ್ನೊಂದು ಗಂಟೆಯಾಯಿತೆಂದರೆ ಬಿಳಿಗಲ್ಲು ಕಾದು ಕಾವಲಿಯಂತಾಗುತ್ತದೆ, ನೆರಳೆಂಬುದು ಇಲ್ಲ. ಒಂದು ಪಕ್ಕದಲ್ಲಿ ಕಡುನೀಲಿ ಸಮುದ್ರ, ಇನ್ನೊಂದು ಪಕ್ಕದಲ್ಲಿ ಕೆಂಪು ಹೆಂಚಿನ ಛಾವಣಿಗಳ ಸಮುದ್ರ.

ಪಡುವಣ ಬಾಗಿಲಿನ ಹೊರಗೆ, ಸಮುದ್ರದಿಂದ 37 ಮೀಟರು ಎತ್ತರದ ಬಂಡೆಯ ಮೇಲೆ, ಲೊವ್ರಿಯೆನಾತ್ಸ್ ಎಂಬ ಬೇರೊಂದು ಕೋಟೆಯಿದೆ. ಇದರ ರಚನೆಯಲ್ಲಿ ಒಂದು ತಮಾಷೆಯಿದೆ. ಶತ್ರು ಬರಬಹುದಾದ ಕಡೆ ಗೋಡೆಯ ದಪ್ಪ 12 ಮೀಟರಿನವರೆಗೆ ಇದ್ದರೆ, ಊರಿಗೆ ಮುಖ ಮಾಡಿದ ಕಡೆ ಬರೀ 60 ಸೆಂಟಿಮೀಟರು! ಕಲ್ಲು ಸಾಲದೆ ಹೋಯಿತೆಂದಲ್ಲ. ಕೋಟೆಯ ದಳಪತಿಗೆ ದುರ್ಬುದ್ಧಿ ಬಂದು ಊರಿನ ವಿರುದ್ಧವೇ ತಿರುಗಿ ಬಿದ್ದರೆ, ಊರಿನಿಂದ ಗುಂಡು ಹಾರಿಸಿ ಆ ಗೋಡೆಯನ್ನು ಒಡೆಯುವಂತಿರಬೇಕು ಎಂಬ ಲೆಕ್ಕ. ಇದೇ ಕೋಟೆಯ ಬಾಗಿಲ ಮೇಲೆ, ಎಷ್ಟು ಚಿನ್ನ ಕೊಟ್ಟರೂ ಸ್ವಾತಂತ್ರ್ಯವನ್ನು ಮಾರಬಾರದೆಂಬ ಅರ್ಥದ ಲ್ಯಾಟಿನ್ ಬರಹವನ್ನು ಕೆತ್ತಿದ್ದಾರೆ.

ಯಾರ ಕೈಯಲ್ಲೂ ಅಧಿಕಾರ ಹೆಚ್ಚು ದಿನ ನಿಲ್ಲದಂತೆ ನೋಡಿಕೊಳ್ಳುವುದರಲ್ಲಿ ಈ ಊರಿನವರು ಎತ್ತಿದ ಕೈ. ಗಣರಾಜ್ಯದ ಮುಖ್ಯಸ್ಥನಿಗೆ ರೆಕ್ಟರ್ ಎಂದು ಹೆಸರು. ಅವನ ಅವಧಿ ಒಂದೇ ತಿಂಗಳು. ಆ ತಿಂಗಳು ಪೂರ್ತಿ ಅವನು ಹೆಂಡತಿ ಮಕ್ಕಳನ್ನು ಬಿಟ್ಟು ಅರಮನೆಯಲ್ಲೇ ಇರಬೇಕು, ಸರಕಾರಿ ಕೆಲಸವಿಲ್ಲದೆ ಹೊಸ್ತಿಲು ದಾಟುವಂತಿಲ್ಲ. ಸ್ವಂತ ವ್ಯವಹಾರ ಮರೆತು ಸಾರ್ವಜನಿಕರ ಕೆಲಸ ನೋಡಿ ಎಂಬ ಅರ್ಥದ ಶಾಸನ ಅರಮನೆಯೊಳಗೆ ಇಂದಿಗೂ ಇದೆ. ಎಲ್ಲವೂ ಆದರ್ಶವಾಗಿತ್ತೆಂದು ತಿಳಿಯಬೇಕಾಗಿಲ್ಲ. ರೆಕ್ಟರ್ ಆಗುವವರು, ಸಭೆಯಲ್ಲಿ ಕೂರುವವರು ಬೆರಳೆಣಿಕೆಯ ಶ್ರೀಮಂತ ಮನೆತನಗಳ ಗಂಡಸರು ಮಾತ್ರ. ಮೀನು ಹಿಡಿಯುವವನಿಗೂ ಕಲ್ಲು ಕಡಿಯುವವನಿಗೂ ಮತವಿರಲಿಲ್ಲ. ಆದರೂ 1416ರಲ್ಲಿಯೇ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು, 1432ರಲ್ಲಿ ಅನಾಥ ಶಿಶುಗಳಿಗೆ ಆಶ್ರಯಧಾಮ ತೆರೆದದ್ದು ಇದೇ ಸಭೆ. 1317ರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠದಲ್ಲಿ ಆರಂಭವಾದ ಔಷಧಾಲಯವಂತೂ ಇಂದಿಗೂ ಬಾಗಿಲು ಮುಚ್ಚಿಲ್ಲ.

ರೋಗವೇ? ಹಸಿವೇ?

ಈಗ ಪ್ಲೇಗಿನ ವಿಷಯಕ್ಕೆ ಬರೋಣ. 1347–51ರಲ್ಲಿ ‘ಕಪ್ಪು ಸಾವು’ ಎಂದೇ ಹೆಸರಾದ ಪ್ಲೇಗು ಯೂರೋಪಿನ ಮೂರನೆಯ ಒಂದು ಭಾಗದಷ್ಟು ಜನರನ್ನಾದರೂ ಬಲಿ ತೆಗೆದುಕೊಂಡಿತು. ಡುಬ್ರೊವ್ನಿಕ್ಕಿಗೂ 1348ರಲ್ಲಿ ಕಾಲಿಟ್ಟಿತು. ಆಮೇಲೂ ಬಿಟ್ಟು ಬಿಟ್ಟು ಬರುತ್ತಲೇ ಇತ್ತು. ರೋಗಕ್ಕೆ ಕಾರಣ ಯಾರಿಗೂ ಗೊತ್ತಿಲ್ಲ. ಕೆಟ್ಟ ಗಾಳಿ ಎಂದರು, ಗ್ರಹಗಳ ಕಾಟ ಎಂದರು, ದೇವರ ಕೋಪ ಎಂದರು. ವೈದ್ಯರು ಹೊಗೆ ಹಾಕಿಸಿದರು, ಸುಗಂಧ ಮೂಸಲು ಹೇಳಿದರು. ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಸಭೆಯ ಮುಂದಿದ್ದ ಇಕ್ಕಟ್ಟನ್ನು ಗಮನಿಸಿ. ಊರು ಬದುಕಿರುವುದೇ ವ್ಯಾಪಾರದ ಮೇಲೆ. ಸುತ್ತ ಬರೀ ಕಲ್ಲುಗುಡ್ಡ. ತಿನ್ನುವ ಧಾನ್ಯವೂ ಹೊರಗಿನಿಂದಲೇ ಬರಬೇಕು. ಬಂದರಿನ ಬಾಗಿಲು ಮುಚ್ಚಿದರೆ ಹಸಿವಿನಿಂದ ಸಾವು. ತೆರೆದರೆ ಪ್ಲೇಗಿನಿಂದ ಸಾವು. ಬೇರೆ ಕೆಲವು ಊರುಗಳು ಹೆದರಿ ಬಾಗಿಲು ಮುಚ್ಚಿದವು, ರೋಗಿಗಳನ್ನು ಹೊರಗೆ ಅಟ್ಟಿದವು.

1377ರ ಜುಲೈ 27ರಂದು ಡುಬ್ರೊವ್ನಿಕ್ಕಿನ ಮಹಾಸಭೆ ಮಧ್ಯದ ದಾರಿಯೊಂದನ್ನು ಹಿಡಿಯಿತು. ಪ್ಲೇಗು ಇರುವ ಊರುಗಳಿಂದ ಬಂದವರು ನಗರವನ್ನಾಗಲಿ ಅದರ ಸುತ್ತಲಿನ ಸೀಮೆಯನ್ನಾಗಲಿ ನೇರವಾಗಿ ಪ್ರವೇಶಿಸುವಂತಿಲ್ಲ. ಮೊದಲು ಒಂದು ತಿಂಗಳು ಮ್ರ್ಕಾನ್ ಎಂಬ ನಡುಗಡ್ಡೆಯಲ್ಲಾಗಲಿ, ದಕ್ಷಿಣದ ಸಾವ್ತಾತ್ ಎಂಬ ಊರಿನಲ್ಲಾಗಲಿ ಕಳೆಯಬೇಕು. ಆರೋಗ್ಯವಾಗಿಯೇ ಉಳಿದರೆ ಒಳಗೆ ಬರಬಹುದು. ಊರಿನವರು ಯಾರೂ ಅನುಮತಿಯಿಲ್ಲದೆ ಅವರ ಬಳಿ ಹೋಗಕೂಡದು, ಊಟವನ್ನೂ ಒಯ್ಯಕೂಡದು. ಹೋದವರು ಅಲ್ಲಿಯೇ ಒಂದು ತಿಂಗಳು ಇರಬೇಕು. ಈ ಆಜ್ಞೆಯನ್ನು ಬರೆದಿಟ್ಟ ‘ಹಸಿರು ಪುಸ್ತಕ’ ಎಂಬ ಕಾಯಿದೆಗಳ ಸಂಪುಟ ಇಂದಿಗೂ ನಗರದ ದಾಖಲೆ ಭಂಡಾರದಲ್ಲಿ ಭದ್ರವಾಗಿದೆ.

ಇಲ್ಲಿ ಹೊಸದಾಗಿದ್ದುದು ಏನು? ರೋಗಿಯನ್ನು ದೂರ ಇಡುವುದು ಹಳೆಯ ಪದ್ಧತಿ. ಕುಷ್ಠ ರೋಗಿಗಳನ್ನು ಎಲ್ಲ ಕಡೆಯೂ ಊರ ಹೊರಗೆ ಇಡುತ್ತಿದ್ದರು. ಡುಬ್ರೊವ್ನಿಕ್ ತಡೆದು ನಿಲ್ಲಿಸಿದ್ದು ರೋಗಿಯನ್ನಲ್ಲ, ಆರೋಗ್ಯವಂತನಂತೆ ಕಾಣುವವನನ್ನು. ಗಟ್ಟಿಮುಟ್ಟಾಗಿ ಕಾಣುವ ಮನುಷ್ಯನೊಳಗೂ ರೋಗ ಅಡಗಿರಬಹುದು, ಅದು ಹೊರಬೀಳಲು ಸ್ವಲ್ಪ ಕಾಲ ಬೇಕು ಎಂಬ ಊಹೆ ಆ ಕಾಯಿದೆಯ ಬೆನ್ನಿಗಿತ್ತು. ಸೋಂಕು ತಗಲಿದ ದಿನದಿಂದ ಲಕ್ಷಣ ಕಾಣುವ ದಿನದವರೆಗಿನ ಅವಧಿಯನ್ನು ಇಂದು ವೈದ್ಯರು ‘ಇನ್‌ಕ್ಯುಬೇಷನ್’ ಅವಧಿ ಎನ್ನುತ್ತಾರೆ. ಪ್ಲೇಗಿಗೆ ಇದು ಸಾಮಾನ್ಯವಾಗಿ ಒಂದರಿಂದ ಏಳು ದಿನ. ಮೂವತ್ತು ದಿನವೆಂದರೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚಾಯಿತು. ಆದರೆ ಕಾರಣವೇ ಗೊತ್ತಿಲ್ಲದವರು ಲೆಕ್ಕವನ್ನು ಧಾರಾಳವಾಗಿ ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು. ಸೂಕ್ಷ್ಮದರ್ಶಕ ಹುಟ್ಟಲು ಇನ್ನೂ ಇನ್ನೂರು ವರ್ಷಕ್ಕಿಂತ ಹೆಚ್ಚು ಕಾಲವಿತ್ತು ಎಂಬುದನ್ನು ಮರೆಯಬಾರದು.

ಮೂವತ್ತು ನಲವತ್ತಾದದ್ದು ಆಮೇಲೆ. ಇಟಾಲಿಯನ್ ಭಾಷೆಯಲ್ಲಿ ನಲವತ್ತಕ್ಕೆ ‘ಕ್ವರಾಂತಾ’ ಎನ್ನುತ್ತಾರೆ. ಬೈಬಲಿನಲ್ಲಿ ನಲವತ್ತು ದಿನಗಳ ಉಪವಾಸ, ನಲವತ್ತು ದಿನಗಳ ಜಲಪ್ರಳಯ ಎಂದೆಲ್ಲ ಬರುವುದರಿಂದ ಆ ಸಂಖ್ಯೆಗೆ ಜನರ ಮನಸ್ಸಿನಲ್ಲಿ ಒಂದು ತೂಕವಿತ್ತು. ನಲವತ್ತರ ಲೆಕ್ಕ ರೂಢಿಯಾಗಿ, ಅದರಿಂದಲೇ ‘ಕ್ವಾರಂಟೈನ್’ ಎಂಬ ಪದ ಬಂತು. ಹೀಗೆ ಪದ ಇಟಲಿಯದು, ಕಾಯಿದೆ ಡುಬ್ರೊವ್ನಿಕ್ಕಿನದು!

ಕಾಯಿದೆ ಬಂದೊಡನೆ ಪ್ಲೇಗು ಮಾಯವಾಯಿತೆಂದೇನೂ ಅಲ್ಲ. 1526–27ರಲ್ಲಿ ಊರೊಳಗೇ ನುಗ್ಗಿ ಭಾರಿ ಅನಾಹುತ ಮಾಡಿತು. ಸೋಂಕು ತಗಲಿದ ಒಂದು ಬಟ್ಟೆಗಂಟು ಕಾವಲುಗಾರರ ಕಣ್ಣು ತಪ್ಪಿಸಿ ಒಳಗೆ ಬಂದರೆ ಸಾಕು, ಕಾಯಿದೆ ಬರೀ ಕಾಗದವಾಗುತ್ತದೆ. ಅದಕ್ಕಾಗಿಯೇ ಏರ್ಪಾಡನ್ನು ಮತ್ತೆ ಮತ್ತೆ ಬಿಗಿಗೊಳಿಸಿದರು. ಮೂಡಣ ಬಾಗಿಲಿನ ಹೊರಗೆ, ಸಮುದ್ರಕ್ಕೆ ಅಂಟಿದಂತೆ, ಸಾಲಾಗಿ ನಿಂತಿರುವ ಉದ್ದನೆಯ ಕಲ್ಲುಕಟ್ಟಡಗಳನ್ನು ಇಂದಿಗೂ ನೋಡಬಹುದು. ಇವೇ ‘ಲಜರೆಟ್ಟೊ’ಗಳು. 1590ರಲ್ಲಿ ಆರಂಭವಾದ ಇವುಗಳ ನಿರ್ಮಾಣ 1642ರ ಹೊತ್ತಿಗೆ ಮುಗಿಯಿತು. ತುರ್ಕಿ ಸೀಮೆಯಿಂದ ಬಂದ ವ್ಯಾಪಾರಿಗಳ ತಂಡಗಳು ಇಲ್ಲಿ ತಂಗಬೇಕಿತ್ತು. ಉಣ್ಣೆ, ಚರ್ಮ, ಬಟ್ಟೆಗಳನ್ನು ಬಿಡಿಸಿ ಗಾಳಿಗೂ ಬಿಸಿಲಿಗೂ ಹರಡುತ್ತಿದ್ದರು. ಕೆಟ್ಟ ಗಾಳಿ ಹೋಗಲಿ ಎಂಬುದು ಅವರ ಉದ್ದೇಶ. ಹೋದದ್ದು ಬಟ್ಟೆಯಲ್ಲಿದ್ದ ಚಿಗಟಗಳು ಎಂದು ಈಗ ಹೇಳಬಹುದು. ಇಂದು ಇದೇ ಕಟ್ಟಡಗಳಲ್ಲಿ ಸಂಗೀತ, ನೃತ್ಯ, ಕರಕುಶಲ ಕಲೆಗಳ ಕಾರ್ಯಕ್ರಮಗಳು ನಡೆಯುತ್ತವೆ.

ಚಿಗಟದ ಗುಟ್ಟು ಬಯಲಾದದ್ದು ಬಹಳ ತಡವಾಗಿ, ಅದೂ ಭಾರತದ ಉಪಖಂಡದಲ್ಲಿ. ಪ್ಲೇಗಿನ ಬ್ಯಾಕ್ಟೀರಿಯವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಗುರುತಿಸಿದ. ಇಲಿಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಅದನ್ನು ಸಾಗಿಸುವುದು ಚಿಗಟ ಎಂದು ಪಾಲ್ ಲೂಯಿ ಸಿಮೋನ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಮುಂಬಯಿಯಲ್ಲಿ ಹಾಫ್‌ಕಿನ್ ಪ್ಲೇಗಿನ ಲಸಿಕೆ ತಯಾರಿಸಿ ಮೊದಲು ತನಗೇ ಚುಚ್ಚಿಕೊಂಡದ್ದು 1897ರಲ್ಲಿ. ಮುಂದಿನ ವರ್ಷ ಬೆಂಗಳೂರಿಗೇ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಹೋಗಿ ನೆಲೆಸಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದ ಕತೆಯನ್ನು ಹಿರಿಯರು ಕೇಳಿರುತ್ತಾರೆ. 1377ರ ಸಭಿಕರಿಗೂ ಸಿಮೋನನಿಗೂ ನಡುವೆ 521 ವರ್ಷ. ಕಾರಣ ತಿಳಿಯುವ ಮೊದಲೇ ಪರಿಣಾಮವನ್ನು ಸರಿಯಾಗಿ ಗಮನಿಸಿ ಕೆಲಸಕ್ಕೆ ಬರುವ ನಿಯಮ ಮಾಡಬಹುದೆಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನೀರು ಮತ್ತು ಉಪ್ಪು

ಪಡುವಣ ಬಾಗಿಲಿನಿಂದ ಒಳಗೆ ಬಂದೊಡನೆ ಎದುರಾಗುವುದು ಗುಮ್ಮಟದಂಥ ದೊಡ್ಡ ಕಾರಂಜಿ. ಸುತ್ತಲೂ 16 ಕಲ್ಲಿನ ಮುಖಗಳು, ಅವುಗಳ ಬಾಯಿಂದ ನೀರು ಧಾರೆಯಾಗಿ ಬೀಳುತ್ತದೆ. ಪ್ರವಾಸಿಗರು ಬಾಟಲಿ ತುಂಬಿಸಿಕೊಳ್ಳುತ್ತಾರೆ. ಕಾಸು ಕೊಡಬೇಕಾಗಿಲ್ಲ. 1438ರಲ್ಲಿ ಇದನ್ನು ಕಟ್ಟಿದವನು ಇಟಲಿಯಿಂದ ಬಂದ ಒನೊಫ್ರಿಯೊ ಎಂಬ ಕುಶಲಿ.

ಡುಬ್ರೊವ್ನಿಕ್ಕಿನ ಸುತ್ತಲಿನ ಗುಡ್ಡಗಳೆಲ್ಲ ಸುಣ್ಣಕಲ್ಲಿನವು. ಮಳೆಯ ನೀರು ಗಾಳಿಯಲ್ಲಿನ, ಮಣ್ಣಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತೀರಾ ದುರ್ಬಲವಾದ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲನ್ನು ಸಾವಿರಾರು ವರ್ಷ ತಿಂದು ತಿಂದು ಒಳಗೆಲ್ಲ ಬಿರುಕು, ಗುಹೆ, ಸುರಂಗಗಳನ್ನು ಮಾಡಿಬಿಡುತ್ತದೆ. ಹೀಗಾಗಿ ಎಷ್ಟು ಮಳೆ ಬಂದರೂ ನೀರು ಮೇಲೆ ನಿಲ್ಲದು, ಹೊಳೆಯಾಗಿ ಹರಿಯದು. ನೆಲದೊಳಗೆ ಹರಿದು ಎಲ್ಲೋ ಒಂದು ಕಡೆ ಬುಗ್ಗೆಯಾಗಿ ಎದ್ದು ಬರುತ್ತದೆ. ಊರಿಗೆ ಹತ್ತಿರದ ಓಂಬ್ಲಾ ಎಂಬ ನದಿಯಂತೂ ಬೆಟ್ಟದ ಬುಡದಿಂದ ಧುಮ್ಮಿಕ್ಕಿ ಬಂದು, ಹುಟ್ಟಿದ ಜಾಗದಲ್ಲೇ ಎನ್ನುವಂತೆ ಸಮುದ್ರದ ಹಿನ್ನೀರನ್ನು ಸೇರಿಬಿಡುತ್ತದೆ!

ಅಲ್ಲಿಯವರೆಗೆ ಊರಿನವರು ಛಾವಣಿಯ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕಿದ್ದರು. ಒನೊಫ್ರಿಯೊ ಶುಮೆತ್ ಎಂಬಲ್ಲಿನ ಬುಗ್ಗೆಯಿಂದ ಸುಮಾರು 12 ಕಿಲೋಮೀಟರು ಕಾಲುವೆಯಲ್ಲಿ ನೀರು ತಂದ. ಪಂಪಿಲ್ಲ, ಎಂಜಿನ್ನಿಲ್ಲ. ಗುಡ್ಡದ ಮೈಯನ್ನು ಬಳಸಿಕೊಂಡು ಅತ್ಯಲ್ಪ ಇಳಿಜಾರಿನಲ್ಲಿ ನೀರು ತಾನಾಗಿ ಹರಿದು ಬರಬೇಕು. ಇಳಿಜಾರು ಹೆಚ್ಚಾದರೆ ಊರು ತಲುಪುವ ಮೊದಲೇ ಎತ್ತರವೆಲ್ಲ ಮುಗಿದುಹೋಗುತ್ತದೆ, ಕಡಿಮೆಯಾದರೆ ನೀರು ಹರಿಯುವುದೇ ಇಲ್ಲ. ಇಂದಿನ ಸರ್ವೆ ಉಪಕರಣಗಳಿಲ್ಲದ ಕಾಲದಲ್ಲಿ ಈ ಮಟ್ಟವನ್ನು ಹಿಡಿದದ್ದು ಸಾಮಾನ್ಯ ಕೆಲಸವಲ್ಲ.

ಇನ್ನು ಉಪ್ಪು. 1333ರಲ್ಲಿ ಗಣರಾಜ್ಯವು ವಾಯವ್ಯಕ್ಕಿರುವ ಸ್ಟೋನ್ ಎಂಬ ಊರನ್ನು ಕೊಂಡುಕೊಂಡಿತು. ಅಲ್ಲಿನ ಆಕರ್ಷಣೆ ಉಪ್ಪಿನಗದ್ದೆ. ಅದರ ರಕ್ಷಣೆಗೆಂದೇ ಕಟ್ಟಿಸಿದ ಗೋಡೆ ಈಗಲೂ ಐದೂವರೆ ಕಿಲೋಮೀಟರು ಉಳಿದಿದೆ. ಅಡುಗೆಮನೆಯ ಉಪ್ಪಿಗಾಗಿ ಇಷ್ಟೆಲ್ಲ ಏಕೆ ಎಂದು ಮಕ್ಕಳು ಕೇಳಬಹುದು. ಶೀತಕಪಾಟು ಇಲ್ಲದ ಕಾಲದಲ್ಲಿ ಮೀನು, ಮಾಂಸ ಕೆಡದಂತೆ ಇಡಲು ಉಪ್ಪೇ ಗತಿ. ಅದನ್ನು ಮಾರಿದವನ ಖಜಾನೆ ತುಂಬುತ್ತಿತ್ತು. ಆಡ್ರಿಯಾಟಿಕ್ಕಿನ ಒಂದು ಕಿಲೋ ನೀರಿನಲ್ಲಿ ಸುಮಾರು 38 ಗ್ರಾಂ ಲವಣವಿದೆ. ನೀರನ್ನು ಗದ್ದೆಯಿಂದ ಗದ್ದೆಗೆ ಹಾಯಿಸುತ್ತ ಬಿಸಿಲಿಗೆ ಬಿಟ್ಟರೆ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಮ್ ಕೆಳಗೆ ಕೂರುತ್ತದೆ. ಮುಂದಿನ ಗದ್ದೆಯಲ್ಲಿ ಅಡುಗೆ ಉಪ್ಪು ಹರಳಾಗುತ್ತದೆ. ಕಹಿಯಾದ ಮೆಗ್ನೀಷಿಯಂ ಲವಣಗಳು ಕೊನೆಯವರೆಗೆ ನೀರಿನಲ್ಲೇ ಉಳಿಯುತ್ತವೆ. ಅವು ಹರಳಾಗುವ ಮೊದಲೇ ಉಪ್ಪನ್ನು ಬಾಚಿಕೊಳ್ಳಬೇಕು. ಪಾಠಪುಸ್ತಕದ ಈ ಕ್ರಮವನ್ನು ಸ್ಟೋನ್‌ನಲ್ಲಿ ಇವತ್ತಿಗೂ ಕಣ್ಣಾರೆ ಕಾಣಬಹುದು.

ಈ ಊರು ಹೆತ್ತ ಮಕ್ಕಳು

ರುಜೆರ್ ಬೊಷ್ಕೊವಿಚ್ ಎಂಬ ಹೆಸರನ್ನು ಇಲ್ಲಿನ ವಿದ್ಯಾರ್ಥಿಗಳು ಕೇಳಿರಲಾರರು. 1711ರಲ್ಲಿ ಈ ಊರಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಓದಿಗಾಗಿ ರೋಮಿಗೆ ಹೋಗಿ, ಜೆಸ್ಯೂಟ್ ಪಾದ್ರಿಯಾಗಿ, ಗಣಿತ, ಭೌತಶಾಸ್ತ್ರ, ಖಗೋಳಶಾಸ್ತ್ರ ಮೂರರಲ್ಲೂ ಹೆಸರು ಮಾಡಿದಾತ. 1758ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಒಂದು ಧೈರ್ಯದ ಕಲ್ಪನೆಯಿದೆ. ಪರಮಾಣುಗಳು ಗೋಲಿಯಂಥ ಗಟ್ಟಿ ಉಂಡೆಗಳಲ್ಲ, ಗಾತ್ರವೇ ಇಲ್ಲದ ಬಿಂದುಗಳು. ಅವು ತೀರಾ ಹತ್ತಿರ ಬಂದರೆ ಒಂದನ್ನೊಂದು ದೂಡುತ್ತವೆ, ತುಸು ದೂರದಲ್ಲಿ ಸೆಳೆತವೂ ದೂಡುವಿಕೆಯೂ ಸರದಿಯಲ್ಲಿ ಬರುತ್ತವೆ, ಬಹಳ ದೂರದಲ್ಲಿ ನ್ಯೂಟನ್ ಹೇಳಿದ ಗುರುತ್ವದ ಸೆಳೆತ ಮಾತ್ರ ಉಳಿಯುತ್ತದೆ. ವಸ್ತುವೆಂದರೆ ಬಲಗಳ ಆಟ ಎಂಬ ಈ ನೋಟವನ್ನು ಮುಂದೆ ಫ್ಯಾರಡೆ, ಕೆಲ್ವಿನ್‌ರಂಥವರು ಗಂಭೀರವಾಗಿ ತೆಗೆದುಕೊಂಡರು.

ಬೊಷ್ಕೊವಿಚ್ ಬರೀ ಕಾಗದದ ಪಂಡಿತನಲ್ಲ. ರೋಮಿನ ಸೇಂಟ್ ಪೀಟರ್ಸ್ ಚರ್ಚಿನ ಮಹಾಗುಮ್ಮಟ ಬಿರುಕು ಬಿಟ್ಟಾಗ, 1742ರಲ್ಲಿ ಪೋಪರು ಕೇಳಿದ ಮೂವರು ಗಣಿತಜ್ಞರಲ್ಲಿ ಅವನೂ ಒಬ್ಬ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುವಂತೆ ಗುಮ್ಮಟಕ್ಕೂ ಕಬ್ಬಿಣದ ಬಳೆ ತೊಡಿಸಿರೆಂದು ಅವರು ಸಲಹೆ ಕೊಟ್ಟರು. ಬಳೆಗಳನ್ನು ತೊಡಿಸಿದರು, ಗುಮ್ಮಟ ಇಂದಿಗೂ ನಿಂತಿದೆ. ಪಾಪ, ಒಂದು ವಿಷಯದಲ್ಲಿ ಅವನ ಅದೃಷ್ಟ ಕೈಕೊಟ್ಟಿತು. 1761ರಲ್ಲಿ ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು ನೋಡಲೆಂದು ಇಸ್ತಾಂಬುಲ್‌ಗೆ ಹೊರಟವನು ತಲುಪುವಷ್ಟರಲ್ಲಿ ಆ ದಿನ ಕಳೆದುಹೋಗಿತ್ತು! ಚಂದ್ರನ ಮೇಲಿನ ಒಂದು ಕುಳಿಗೆ ಈಗ ಅವನ ಹೆಸರಿದೆ.

ಅವನಿಗಿಂತ ನೂರೈವತ್ತು ವರ್ಷ ಹಿಂದಿನ ಮಾರಿನ್ ಗೆಟಾಲ್ಡಿಚ್ ಎಂಬ ಗಣಿತಜ್ಞ ಸಮುದ್ರದ ಬದಿಯ ಗುಹೆಯೊಂದರಲ್ಲಿ ಪರವಲಯದ ಕನ್ನಡಿಗಳನ್ನಿಟ್ಟುಕೊಂಡು ಪ್ರಯೋಗ ನಡೆಸುತ್ತಿದ್ದ. ಅವನು ಮಾಡಿದ ಒಂದು ಕನ್ನಡಿ ಇಂಗ್ಲೆಂಡಿನ ಗ್ರೀನಿಚ್ ವಸ್ತುಸಂಗ್ರಹಾಲಯದಲ್ಲಿದೆ. ಕಾಮರ್ಸ್ ಓದುವವರೂ ಬೇಸರಪಡಬೇಕಿಲ್ಲ. ಜಮಾ–ಖರ್ಚಿನ ದ್ವಿನಮೂದು ಪದ್ಧತಿಯ ಬಗ್ಗೆ 1458ರಲ್ಲೇ ಬರೆದ ಬೆನೆಡಿಕ್ಟ್ ಕೊಟ್ರುಲ್ಯೆವಿಚ್ ಇದೇ ಊರಿನ ವ್ಯಾಪಾರಿ. ಇವರ ಹಡಗುಗಳು ಎಷ್ಟು ಪ್ರಸಿದ್ಧವಾಗಿದ್ದವೆಂದರೆ, ದೊಡ್ಡ ವ್ಯಾಪಾರಿ ಹಡಗಿಗೆ ಇಂಗ್ಲಿಷಿನಲ್ಲಿರುವ ‘ಆರ್ಗೊಸಿ’ ಎಂಬ ಪದ ರಗೂಸಾ ಎಂಬ ಹೆಸರಿನಿಂದಲೇ ಬಂದದ್ದು. ಗೋವಾದ ಗಂಡೌಲಿಂ ಗ್ರಾಮದಲ್ಲಿ ಡುಬ್ರೊವ್ನಿಕ್ಕಿನ ರಕ್ಷಕ ಸಂತ ಬ್ಲೇಸನ ಹೆಸರಿನ ಹಳೆಯ ಚರ್ಚೊಂದಿದ್ದು, ಅದನ್ನು ಈ ಊರಿನ ವ್ಯಾಪಾರಿಗಳೊಂದಿಗೆ ಜೋಡಿಸಿ ಹೇಳುವುದುಂಟು.

ಎರಡು ಪೆಟ್ಟು

1667ರ ಏಪ್ರಿಲ್ 6ರ ಬೆಳಗ್ಗೆ ಭೂಮಿ ಅಲುಗಿತು. ಆಡ್ರಿಯಾಟಿಕ್ಕಿನ ತಳದ ಶಿಲಾಫಲಕ ಈ ದಡದ ಬೆಟ್ಟಸಾಲನ್ನು ಒತ್ತುತ್ತಲೇ ಇರುವುದರಿಂದ ಇಲ್ಲಿ ಕಂಪನ ಹೊಸದಲ್ಲ. ಆದರೆ ಅಂದಿನದು ಊರನ್ನೇ ನೆಲಸಮ ಮಾಡಿತು. ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ರೆಕ್ಟರನೂ ಸತ್ತ. ಆಮೇಲೆ ಬೆಂಕಿ. ಕೋಟೆಗೋಡೆ ಬಹುಪಾಲು ನಿಂತಿತು, ಸುಂಕದ ಕಟ್ಟೆಯಾಗಿದ್ದ ಸ್ಪೊಂಜಾ ಅರಮನೆ ಉಳಿಯಿತು. ಇಂದು ಸ್ಟ್ರಾಡೂನ್ ಎಂಬ ಮುಖ್ಯಬೀದಿಯ ಎರಡೂ ಬದಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವ ಮನೆಗಳು ಭೂಕಂಪದ ನಂತರ ಸರಕಾರದ ನಕ್ಷೆಯಂತೆ ಕಟ್ಟಿದವು. ಭೂಕಂಪದ ಮೊದಲು ಊರು ಹೇಗಿತ್ತೆಂದು ತಿಳಿಯಲು ಚರಿತ್ರಕಾರರಿಗೆ ನೆರವಾದದ್ದು ಸಂತ ಬ್ಲೇಸನ ಬೆಳ್ಳಿಯ ವಿಗ್ರಹ. ಆತನ ಕೈಯಲ್ಲಿ ಅಂದಿನ ಊರಿನ ಪುಟ್ಟ ಮಾದರಿಯಿದೆ.

ಆ ಸ್ಟ್ರಾಡೂನ್ ಬೀದಿಯ ಕೊನೆಯಲ್ಲಿರುವ ಗಡಿಯಾರದ ಗೋಪುರದ ಮೇಲೆ ಸುತ್ತಿಗೆ ಹಿಡಿದು ಗಂಟೆ ಬಾರಿಸುವ ಎರಡು ಲೋಹದ ಬೊಂಬೆಗಳಿವೆ. ಜನ ಅವನ್ನು ‘ಹಸಿರಣ್ಣರು’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ತಾಮ್ರ ಬೆರೆತ ಲೋಹ ಗಾಳಿ, ತೇವಕ್ಕೆ ಸಿಕ್ಕಿ ಹಸಿರು ಕಿಲುಬು ಹಿಡಿದದ್ದರಿಂದ ಬಂದ ಹೆಸರು. ಮೂಲ ಬೊಂಬೆಗಳು ಈಗ ಒಳಗೆ ಭದ್ರವಾಗಿವೆ, ಮೇಲಿರುವುದು ಪ್ರತಿ.

ತುರ್ಕಿಯ ಸುಲ್ತಾನನಿಗೆ ವರ್ಷಕ್ಕೆ 12,500 ಚಿನ್ನದ ಡುಕಾಟ್ ಕಪ್ಪ ಕೊಟ್ಟು, ವೆನಿಸಿನೊಡನೆ ಮಾತಿನಲ್ಲೇ ಗೆದ್ದು ಉಳಿದ ಗಣರಾಜ್ಯವನ್ನು ಕೊನೆಗೆ ನೆಪೋಲಿಯನ್ನನ ಸೈನ್ಯ ಮುಗಿಸಿತು. 1806ರಲ್ಲಿ ಒಳಗೆ ಬಂದ ಫ್ರೆಂಚರು 1808ರಲ್ಲಿ ಗಣರಾಜ್ಯವನ್ನು ರದ್ದು ಮಾಡಿದರು. ಮುಂದೆ ಆಸ್ಟ್ರಿಯಾ, ಆಮೇಲೆ ಯುಗೊಸ್ಲಾವಿಯಾ.

ಎರಡನೆಯ ಪೆಟ್ಟು ಬಿದ್ದದ್ದು ಇಂದಿನ ತಂದೆತಾಯಿಯರಿಗೆ ನೆನಪಿರುವಷ್ಟು ಹತ್ತಿರದಲ್ಲಿ. ಯುಗೊಸ್ಲಾವಿಯಾ ಒಡೆಯುತ್ತಿದ್ದ ಕಾಲ. 1991ರ ಅಕ್ಟೋಬರ್ 1ರಂದು ಯುಗೊಸ್ಲಾವ್ ಸೇನೆ ಡುಬ್ರೊವ್ನಿಕ್ಕಿಗೆ ಮುತ್ತಿಗೆ ಹಾಕಿತು. ನೀರು, ವಿದ್ಯುತ್ತು ನಿಂತಿತು. 1979ರಿಂದಲೇ ಈ ಹಳೆಯ ಊರು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿತ್ತು. ಗೋಪುರಗಳ ಮೇಲೆ ಯುನೆಸ್ಕೊ ಬಾವುಟ ಹಾರುತ್ತಿತ್ತು. ಬಾವುಟಕ್ಕೆ ಫಿರಂಗಿ ಮರ್ಯಾದೆ ಕೊಡಲಿಲ್ಲ. ಡಿಸೆಂಬರ್ 6ರಂದು ಬೆಳಗಿನಿಂದ ಶೆಲ್ಲುಗಳ ಮಳೆ. ಹಳೆಯ ಊರಿನ 824 ಕಟ್ಟಡಗಳಲ್ಲಿ 563ಕ್ಕೆ ಪೆಟ್ಟು ಬಿದ್ದಿತು. ಒಂಬತ್ತು ಕಟ್ಟಡಗಳು ಸುಟ್ಟು ಬೂದಿಯಾದವು. ಊರಿನ ಹಿಂದಿನ ಸರ್ಜ್ ಬೆಟ್ಟದ ಮೇಲೆ ನೆಪೋಲಿಯನ್ನನ ಕಾಲದ ಕೋಟೆಯೊಂದಿದೆ. ಆ ಕೋಟೆಯನ್ನು ಬಿಟ್ಟುಕೊಡದೆ ಹಿಡಿದುಕೊಂಡ ಕೆಲವೇ ಜನರಿಂದಾಗಿ ಊರು ಕೈತಪ್ಪಲಿಲ್ಲ. ಈಗ ಅಲ್ಲಿ ಯುದ್ಧದ ವಸ್ತುಸಂಗ್ರಹಾಲಯವಿದೆ. ಸ್ಪೊಂಜಾ ಅರಮನೆಯ ಒಂದು ಕೋಣೆಯ ಗೋಡೆಗಳ ತುಂಬ ಸತ್ತವರ ಭಾವಚಿತ್ರಗಳು. ಬಹಳಷ್ಟು ಮುಖಗಳು ಕಾಲೇಜು ಹುಡುಗರ ವಯಸ್ಸಿನವು. ಈ ದಾಳಿಗಾಗಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿ ಇಬ್ಬರು ಹಿರಿಯ ಸೇನಾಧಿಕಾರಿಗಳಿಗೆ ಶಿಕ್ಷೆ ವಿಧಿಸಿತು.

ಕೋಟೆಗೋಡೆಯ ಮೇಲಿನಿಂದ ಹೆಂಚುಗಳನ್ನು ಸೂಕ್ಷ್ಮವಾಗಿ ನೋಡಿದರೆ ಬಿಸಿಲಿಗೆ ಮಾಸಿದ ಹಳೆಯವು, ಕಣ್ಣು ಕುಕ್ಕುವ ಕೆಂಪಿನ ಹೊಸವು ಬೇರೆ ಬೇರೆ ಕಾಣುತ್ತವೆ. ಹೊಸ ಹೆಂಚುಗಳೇ ಹೆಚ್ಚು. ಮಾರ್ಗದರ್ಶಿಗಳು ಹೇಳುವುದಕ್ಕಿಂತ ಸ್ಪಷ್ಟವಾಗಿ ಆ ಛಾವಣಿಗಳು ಲೆಕ್ಕ ಕೊಡುತ್ತವೆ. ದುರಸ್ತಿ ಮುಂದುವರಿದು, 1998ರಲ್ಲಿ ಯುನೆಸ್ಕೊ ಊರನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಯಿಂದ ತೆಗೆಯಿತು.

ಈಗಿನ ನೆಂಟರು

ಈಗಿನ ಮುತ್ತಿಗೆ ಬೇರೆ ತರಹದ್ದು. ದೊಡ್ಡ ವಿಹಾರನೌಕೆಗಳು ಬಂದು ಬೆಳಗ್ಗೆ ಸಾವಿರಾರು ಜನರನ್ನು ಇಳಿಸಿ ಸಂಜೆ ವಾಪಸು ಹತ್ತಿಸಿಕೊಳ್ಳುತ್ತವೆ. ಸುಮಾರು 300 ಮೀಟರು ಉದ್ದದ ಸ್ಟ್ರಾಡೂನ್ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಗಿ, ನಗರಸಭೆ 2019ರಿಂದ ನೌಕೆಗಳ ಸಂಖ್ಯೆಗೆ ಮಿತಿ ಹಾಕಿತು. ಕಲ್ಲುಹಾಸಿನ ಮೇಲೆ ಗಾಲಿಯ ಸೂಟ್‌ಕೇಸುಗಳನ್ನು ಗಡಗಡ ಎಳೆಯಬೇಡಿ, ಜನ ಮಲಗಿರುತ್ತಾರೆ ಎಂದು ಕೇಳಿಕೊಳ್ಳುವ ಪರಿಸ್ಥಿತಿ ಬಂದಿದೆ. ಆದರೆ ಮಲಗುವವರೇ ಕಡಿಮೆಯಾಗುತ್ತಿದ್ದಾರೆ. 1991ರ ಹೊತ್ತಿಗೆ ಕೋಟೆಯೊಳಗೆ ಐದು ಸಾವಿರದಷ್ಟು ಜನ ವಾಸವಿದ್ದರು. ಈಗ ಎರಡು ಸಾವಿರವೂ ಇಲ್ಲ. ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟು ಹೊರಗಿನ ಬಡಾವಣೆಗೆ ಹೋಗುವುದೇ ಲಾಭ. ಹಾಲು, ತರಕಾರಿಯ ಅಂಗಡಿ ಇದ್ದಲ್ಲಿ ನೆನಪಿನ ವಸ್ತುಗಳ ಅಂಗಡಿ ಬಂದಿದೆ. ಪ್ಲೇಗು, ಭೂಕಂಪ, ಫಿರಂಗಿ ಯಾವುದೂ ಮಾಡದ ಕೆಲಸವನ್ನು ಬಾಡಿಗೆಯ ಆಸೆ ಸದ್ದಿಲ್ಲದೆ ಮಾಡುತ್ತಿದೆ.

ಕರ್ನಾಟಕದಿಂದ ಹೋಗುವವರು ಯೂರೋಪಿನ ಯಾವುದಾದರೂ ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕು. 2023ರ ಜನವರಿ 1ರಿಂದ ಕ್ರೊಯೇಷಿಯಾ ಷೆಂಗೆನ್ ಒಕ್ಕೂಟದಲ್ಲಿರುವುದರಿಂದ ಆ ವೀಸಾ ಸಾಕು, ಹಣ ಯೂರೊ. ಜುಲೈ–ಆಗಸ್ಟ್ ಬಿಟ್ಟು ಏಪ್ರಿಲ್ ಅಥವಾ ಅಕ್ಟೋಬರಿನಲ್ಲಿ ಹೋದರೆ ಬಿಸಿಲೂ ಕಡಿಮೆ, ಜನವೂ ಕಡಿಮೆ. ಸ್ಪ್ಲಿಟ್ ನಗರದಿಂದ ರಸ್ತೆಯಲ್ಲಿ ಬರುವವರು 2022ರಲ್ಲಿ ತೆರೆದ 2.4 ಕಿಲೋಮೀಟರು ಉದ್ದದ ಪೆಲ್ಯೆಶಾತ್ಸ್ ಸೇತುವೆಯ ಮೇಲೆ ಬರಬಹುದು. ಅಲ್ಲಿಯವರೆಗೆ ನೆಉಮ್ ಎಂಬಲ್ಲಿ ಬೋಸ್ನಿಯಾ ದೇಶದೊಳಗೆ ಹೋಗಿ, ಇಪ್ಪತ್ತು ಕಿಲೋಮೀಟರು ಕಳೆಯುವಷ್ಟರಲ್ಲಿ ಎರಡು ಗಡಿ ದಾಟಬೇಕಾಗಿತ್ತು. ಆ ತುಂಡು ನೆಲವನ್ನು ಹಿಂದೆ ಡುಬ್ರೊವ್ನಿಕ್ಕಿನವರೇ ವೆನಿಸ್ ತಮ್ಮ ಗಡಿಗೆ ತಾಗದಿರಲೆಂದು ತುರ್ಕಿಗೆ ಬಿಟ್ಟುಕೊಟ್ಟಿದ್ದರು. 1699ರ ಒಪ್ಪಂದದ ಆ ಗೆರೆಯಿಂದಾಗಿಯೇ ಬೋಸ್ನಿಯಾಕ್ಕೆ ಇಂದು ಸಮುದ್ರದ ಸ್ಪರ್ಶವಿದೆ, ಕ್ರೊಯೇಷಿಯಾದ ನೆಲ ಎರಡು ತುಂಡಾಗಿದೆ.

ವಿಮಾನ ನಿಲ್ದಾಣವಿರುವುದು ಊರಿನ ದಕ್ಷಿಣಕ್ಕೆ, ಸಾವ್ತಾತ್‌ಗೆ ಹತ್ತಿರ. ಸಮಯವಿದ್ದವರು ಒಂದು ಮಧ್ಯಾಹ್ನ ಅಲ್ಲಿನ ದಂಡೆಯಲ್ಲಿ ನಡೆದಾಡಿದರೆ ಎದುರಿಗೆ ನೀರಿನಲ್ಲಿ ಬೋಳು ಬಂಡೆಯ ನಡುಗಡ್ಡೆಯೊಂದು ಕಾಣುತ್ತದೆ. ಅದೇ ಮ್ರ್ಕಾನ್. ಮನೆಮಠವಿಲ್ಲ, ಜನವಿಲ್ಲ. ಈಗ ಅದು ಹಕ್ಕಿಗಳ ಮೀಸಲು ತಾಣ. ವರ್ಷವರ್ಷವೂ ಕಡಲಹಕ್ಕಿಗಳು ಬಂದು ಅಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತವೆ.